ವೈನ್ ‘ಮಾಗಿಸು’ವುದೋ, ‘ಹಳತಾಗಿಸು’ವುದೋ?

ಬಳಗದವರಿಗೆ ನಮಸ್ಕಾರ.

ಮನೆಯಲ್ಲಿ ವೈನ್ ಮಾಡುವ ಗೆಳೆಯರಿಗಾಗಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಾ ಒಂದು ಪದ ಸಿಗದೆ ನಿಂತಿದ್ದೇನೆ. ದ್ರಾಕ್ಷಿರಸ ಹುದುಗಿ ಮುಗಿದ ಮೇಲೆ, ಸೀಸೆಗೆ ತುಂಬುವ ಮುಂಚೆ, ಅಷ್ಟನ್ನೂ ಒಂದೇ ದೊಡ್ಡ ಪಾತ್ರೆಯಲ್ಲಿ ತಿಂಗಳುಗಟ್ಟಲೆ ಇಡುತ್ತೇವಲ್ಲ, ಆ ಇಡುವಿಕೆಗೆ ಏನನ್ನೋಣ?

ನನಗೆ ಸಿಕ್ಕ ಕನ್ನಡ ಬರಹಗಳಲ್ಲಿ ಎಲ್ಲಕ್ಕೂ ‘ಹುದುಗು’ ಒಂದೇ. ‘21 ದಿನ ಹುದುಗಿಸಿ ಸೀಸೆಗೆ ತುಂಬಿ’ ಎಂದು ಬರೆದದ್ದನ್ನು ನಂಬಿ ಮೊದಲ ವರ್ಷ ಹಾಗೇ ತುಂಬಿಟ್ಟೆ. ಒಳಗೆ ಸಕ್ಕರೆ ಇನ್ನೂ ಉಳಿದಿತ್ತು, ಯೀಸ್ಟ್ ಬದುಕಿತ್ತು. ರಾತ್ರಿ ಎರಡು ಸೀಸೆಗಳ ಬಿರಡೆ ಹಾರಿ ಅಡುಗೆಮನೆಯ ಗೋಡೆ ನೇರಳೆಯಾಯಿತು. ಹುದುಗುವುದು ಬೇರೆ, ತಿಳಿಯಾಗುವುದು ಬೇರೆ, ಆಮೇಲೆ ರುಚಿ ಕೂಡಿಬರುವುದು ಬೇರೆ. ಮೂರಕ್ಕೂ ಒಂದೇ ಪದ ಬಳಸಿದರೆ ಓದಿದವರು ನನ್ನ ಹಾಗೆಯೇ ಎಡವುತ್ತಾರೆ.

‘ಹಳತಾಗಿಸು’ ಎಂದು ಬರೆದು ನೋಡಿದೆ. ಹಳೇ ಅಕ್ಕಿ, ಹಳೇ ಹುಣಸೆಹಣ್ಣು ಎಂದರೆ ನಮ್ಮಲ್ಲಿ ಮೆಚ್ಚುಗೆಯ ಮಾತೇ. ಆದರೆ ಪಕ್ಕದಲ್ಲೇ ‘ಹಳಸು’ ಕೂತಿದೆ. ಗಾಳಿ ತಾಗಿದ ವೈನ್ ವಿನಿಗರ್ ಆಗುವುದೇ ಈ ಹಂತದ ದೊಡ್ಡ ಭಯ. ಅಂಥಲ್ಲಿ ಹಳಸಲನ್ನು ನೆನಪಿಸುವ ಪದ ಬೇಡ ಅನ್ನಿಸಿತು. ‘ಮಾಗಿಸು’ ಕಿವಿಗೆ ಹಿತ. ತೊಡಕೆಂದರೆ ದ್ರಾಕ್ಷಿಯೂ ಬಳ್ಳಿಯಲ್ಲಿ ಮಾಗುತ್ತದೆ. ‘ಚೆನ್ನಾಗಿ ಮಾಗಿದ ಮೇಲೆ’ ಎಂದಾಗ ಹಣ್ಣೋ ವೈನೋ ಎಂಬುದನ್ನು ಪ್ರತಿ ಸಲ ಬಿಡಿಸಿ ಹೇಳಬೇಕು. ಹಾಗಿದ್ದರೂ ನನ್ನ ಒಲವು ಇದರ ಕಡೆಗೇ.

ಮಂಗಳೂರಿನಲ್ಲಿ ನಾವಿದ್ದಾಗ ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್ಸಿಗೆಂದು ಭರಣಿಯಲ್ಲಿ ವೈನ್ ಹಾಕುತ್ತಿದ್ದರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಕೈಯಿಟ್ಟು, ‘ಇದು ಇನ್ನೂ ಕೂತಿಲ್ಲ, ಅಲುಗಾಡಿಸಬೇಡಿ ಆಯ್ತಾ’ ಅನ್ನುತ್ತಿದ್ದರು. ಆ ‘ಕೂತಿಲ್ಲ’ದಲ್ಲಿ ಗಸಿ ತಳಕ್ಕಿಳಿಯುವುದೂ ಇತ್ತು, ರುಚಿ ಹೊಂದಿಕೊಳ್ಳುವುದೂ ಇತ್ತು. ಈಗ ನನ್ನ 20 ಲೀಟರಿನ ಗಾಜಿನ ಬುಂಡೆಯ ಹಿಂದೆ ಟಾರ್ಚ್ ಹಿಡಿದಾಗಲೆಲ್ಲ ಆ ಮಾತು ನೆನಪಾಗುತ್ತದೆ. ಒಳಗಿರುವುದು ‘ಬೆಂಗಳೂರು ನೀಲಿ’ ತಳಿಯ ದ್ರಾಕ್ಷಿಯ ವೈನ್. ತಳದಲ್ಲಿ ಹೆಬ್ಬೆರಳಿನಷ್ಟು ದಪ್ಪ ಗಸಿ, ಅದರ ಮೇಲೆ ಬೆಳಕು ಕೆಂಪಾಗಿ ಹಾದುಬರುತ್ತದೆ. ಗಸಿಯ ಹತ್ತಿರ ಮಾತ್ರ ಇನ್ನೂ ತುಸು ಮಬ್ಬು. (ಕರಾವಳಿಯವರಿಗೆ ‘ಗಸಿ’ ಅಂದರೆ ಕೋಳಿಯ ಸಾರು. ಅವರಿಗಾಗಿ ‘ಮಡ್ಡಿ’ ಎಂದೂ ಸೇರಿಸಬೇಕಾದೀತು.)

ಗಸಿ ಕದಡದಂತೆ ಮೇಲಿನ ತಿಳಿಯನ್ನು ಇನ್ನೊಂದು ಪಾತ್ರೆಗೆ ಕೊಳವೆಯಲ್ಲಿ ಇಳಿಸುವುದಕ್ಕೆ ಪದ ಹುಡುಕುವ ಕಷ್ಟವಿಲ್ಲ. ‘ಸೋಸು’ ಎಂದರೆ ಬಟ್ಟೆ ಬೇಕು, ‘ಬಸಿ’ ಎಂದರೆ ಗಂಜಿ ಹೋಗಿ ಅನ್ನ ಉಳಿಯಬೇಕು. ಇಲ್ಲಿ ಉಳಿಸಿಕೊಳ್ಳುವುದು ಮೇಲಿನದನ್ನು. ಹಾಗಾಗಿ ‘ತಿಳಿ ಬಗ್ಗಿಸು’ ಸರಿಯಾಗಿ ಕೂರುತ್ತದೆ. ಕೆಲಸ ಹಳೆಯದೇ: ಗಸಿಯ ಮೇಲೆ ನೆಮ್ಮದಿಯಾಗಿ ನಿಂತ, ಪಾತ್ರೆಯಿಂದ ಪಾತ್ರೆಗೆ ಹೊಯ್ಯದ ದ್ರಾಕ್ಷಾರಸಕ್ಕೆ ಮೋವಾಬ್ ಎಂಬ ನಾಡನ್ನು ಹೋಲಿಸಿದ ಮಾತು ಬೈಬಲಿನ ಯೆರೆಮೀಯನ ಗ್ರಂಥದಲ್ಲಿ (48:11) ಇದೆ.

ಪಾತ್ರೆಯ ಹೆಸರೂ ಬೇಕು. ಭರಣಿ, ಜಾಡಿ, ಗುಡಾಣ ಮೂರೂ ನಮ್ಮವೇ, ಗಾಜಿನದಕ್ಕೆ ಬುಂಡೆ ಎಂದಿದ್ದೇನೆ. ಮರದ್ದಾದರೆ ಪೀಪಾಯಿ. ಪೋರ್ಚುಗೀಸರ ‘ಪಿಪಾ’ದಿಂದ ಬಂದ ಈ ಪದಕ್ಕೆ ಅಲ್ಲಿ ವೈನಿನ ಮರದ ಪೀಪಾಯಿ ಎಂದೇ ಅರ್ಥ, ನಮ್ಮಲ್ಲಿ ಡಾಂಬರಿಗೂ ಸೀಮೆಎಣ್ಣೆಗೂ ಹೋಯಿತು. ಅದನ್ನು ವೈನಿಗೆ ಮರಳಿಸುವ ಆಸೆ ನನಗಿದೆ.

ದೊಡ್ಡ ಪಾತ್ರೆ ಯಾಕೆ ಎಂಬುದು ಪದದಲ್ಲೇ ಹೊಳೆಯಬೇಕು. 20 ಲೀಟರನ್ನು 750 ಮಿಲಿಲೀಟರಿನ ಸೀಸೆಗಳಿಗೆ ಹಂಚಿದರೆ 26 ಸೀಸೆ, ಅಂದರೆ ಗಾಳಿಗೆ 26 ಬಾಯಿ. ಬುಂಡೆಗಿರುವುದು ಒಂದೇ. ಹಗಲಿನ ಬಿಸಿ, ರಾತ್ರಿಯ ತಂಪು ದೊಡ್ಡ ರಾಶಿಗೆ ನಿಧಾನವಾಗಿ ತಟ್ಟುತ್ತವೆ, ಕೊನೆಗೆ ಎಲ್ಲ ಸೀಸೆಗೂ ಒಂದೇ ರುಚಿ ಸಿಗುತ್ತದೆ. ಆದರೆ ಬುಂಡೆಯಲ್ಲಿ ಖಾಲಿ ಜಾಗ ಬಿಡಬಾರದು. ಇದಕ್ಕೆ ‘ಕಂಠಮಟ್ಟ ತುಂಬು’ ಎಂದು ಬರೆದಿದ್ದೇನೆ. ಬುಂಡೆಗೂ ಕಂಠವಿರುವುದರಿಂದ ಯಾರಿಗೂ ವಿವರಿಸಬೇಕಾಗಿಲ್ಲ.

ಸದ್ಯ ದೊಡ್ಡ ಪಾತ್ರೆಯಲ್ಲಿ ಮಾಗುವುದಕ್ಕೆ ‘ಒಟ್ಟುಮಾಗು’, ಸೀಸೆಗೆ ತುಂಬಿದ ಮೇಲೆ ಮಾಗುವುದಕ್ಕೆ ‘ಸೀಸೆಮಾಗು’ ಎಂಬ ಜೋಡಿಯನ್ನು ಬರೆದಿಟ್ಟಿದ್ದೇನೆ. ‘ಭರಣಿಮಾಗು’ ಇನ್ನೂ ಚೆಂದ, ಆದರೆ ಭರಣಿ ಎಂದರೆ ಹಳೇ ಮೈಸೂರಿನ ಕಡೆಯವರಿಗೆ ಉಪ್ಪಿನಕಾಯಿಯಷ್ಟೇ ನೆನಪಾದೀತು. ಕೊಡಗಿನಲ್ಲಿ ನೆಲ್ಲಿಕಾಯಿ, ಶುಂಠಿಯ ವೈನನ್ನೂ ಮಾಡುತ್ತಾರೆ. ಅಲ್ಲಿನವರು ಈ ಕಾಯುವ ತಿಂಗಳುಗಳಿಗೆ ಮನೆಯಲ್ಲಿ ಏನನ್ನುತ್ತೀರಿ? ವಿಜಯಪುರದ ದ್ರಾಕ್ಷಿ ಸೀಮೆಯವರ ಬಾಯಲ್ಲಿ ಬೇರೆ ಮಾತಿದೆಯೇ? ಕೊಡವ, ಕೊಂಕಣಿ, ತುಳು ಯಾವುದಾದರೂ ಸರಿ, ಹಿರಿಯರು ಪಾತ್ರೆಯ ಮುಂದೆ ನಿಂತು ಆಡುವ ಮಾತನ್ನು ಹಾಗೆಹಾಗೇ ಬರೆದು ಕಳಿಸಿ.