ಐಯೋವಾದ ಹಳ್ಳಿ ಕೌಂಟಿಯಲ್ಲಿ ಮನೆ ಕೊಳ್ಳೋದು: ನಿಮ್ಮ ಪ್ರಶ್ನೆ, ಏಜೆಂಟ್ ಉತ್ತರ

ಎಲ್ಲರಿಗೂ ನಮಸ್ಕಾರ. "ಐಯೋವಾದಲ್ಲಿ ಮನೆ ಅಷ್ಟು ಅಗ್ಗವಂತೆ, ಹೌದಾ?" ಅಂತ ಗುಂಪಿನಲ್ಲಿ ಪದೇ ಪದೇ ಕೇಳುತ್ತಿದ್ದೀರಿ. ಒಂದೇ ಕಡೆ ಉತ್ತರ ಇರಲಿ ಅಂತ ಈ ಪೋಸ್ಟ್. ನಾನು ಆಗ್ನೇಯ ಐಯೋವಾದಲ್ಲಿ ರಿಯಲ್ ಎಸ್ಟೇಟ್ ಏಜೆಂಟ್. ನನ್ನ ಕೆಲಸ ಹೆಚ್ಚಾಗಿ ಜೆಫರ್ಸನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಅದರ ಮುಖ್ಯ ಊರು ಫೇರ್‌ಫೀಲ್ಡ್. 2020ರ ಜನಗಣತಿಯ ಪ್ರಕಾರ ಕೌಂಟಿಯಲ್ಲಿ 15,663 ಜನ, ಅದರಲ್ಲಿ ಊರಲ್ಲೇ 9,416. ಸುತ್ತ ಮೆಕ್ಕೆಜೋಳ, ಸೋಯಾ. 1974ರಿಂದ ಮಹರ್ಷಿ ಮಹೇಶ್ ಯೋಗಿಗಳು ಸ್ಥಾಪಿಸಿದ ಮಹರ್ಷಿ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಇಲ್ಲೇ ಇರುವುದರಿಂದ ಊರಿನ ಹೆಸರು ನಮ್ಮ ಜನಕ್ಕೆ ಅಷ್ಟಿಷ್ಟು ಗೊತ್ತು. ಕಾಮೆಂಟಿನಲ್ಲಿ ಕೇಳಿ, ಬಿಡುವಾದಾಗ ಬರೆಯುತ್ತೇನೆ.

ಪ್ರಶ್ನೆ (ಸನ್ನಿವೇಲ್‌ನಿಂದ): ಮೇಡಂ, ನಾವಿಲ್ಲಿ ಎರಡು ಬೆಡ್‌ರೂಮಿಗೆ ತಿಂಗಳಿಗೆ 3,800 ಡಾಲರ್ ಬಾಡಿಗೆ ಕಟ್ಟುತ್ತಿದ್ದೇವೆ. ಫೇರ್‌ಫೀಲ್ಡ್‌ನಲ್ಲಿ ಮೂರು ಬೆಡ್‌ರೂಮಿನ ಮನೆ 1.8 ಲಕ್ಷ ಡಾಲರ್ ಅಂತ ನೋಡಿದೆ. ಫೋಟೋದಲ್ಲಿ ಮನೆ ಚೆನ್ನಾಗಿಯೇ ಇದೆ. ಏನಾದ್ರೂ ಮೋಸ ಇದೆಯಾ?

ಉತ್ತರ: ಮೋಸ ಏನಿಲ್ಲ. ಇಲ್ಲಿ ಸಂಬಳವೂ ಕಡಿಮೆ, ಕೊಳ್ಳುವವರೂ ಕಡಿಮೆ, ಮನೆಗಳು ಹಳೆಯವು. ಬೆಲೆ ಕೆಳಗಿರುವುದು ಅದಕ್ಕೇ. ಆದರೆ ಆ ಬೆಲೆಯನ್ನು ಮಾತ್ರ ನೋಡಿ ಕುಣಿಯಬೇಡಿ. ಉಳಿದದ್ದನ್ನೂ ಲೆಕ್ಕಕ್ಕೆ ಹಾಕಿ.

ಮೊದಲು ಆಸ್ತಿ ತೆರಿಗೆ. ಐಯೋವಾದಲ್ಲಿ ಮನೆಯ ಪೂರ್ತಿ ಬೆಲೆಗೆ ತೆರಿಗೆ ಹಾಕುವುದಿಲ್ಲ. ರೋಲ್‌ಬ್ಯಾಕ್ ಅಂತ ಒಂದಿದೆ, ಅಂದರೆ ಬೆಲೆಯ ಶೇಕಡಾ ಎಷ್ಟು ಪಾಲಿಗೆ ತೆರಿಗೆ ಅಂತ ರಾಜ್ಯ ವರ್ಷ ವರ್ಷ ಗೊತ್ತುಮಾಡುವ ಲೆಕ್ಕ. ಅದು 2024ರ ಮೌಲ್ಯಮಾಪನಕ್ಕೆ ಶೇ. 47ರ ಆಸುಪಾಸು ಇತ್ತು. ಆ ಲೆಕ್ಕದಲ್ಲಿ 1.8 ಲಕ್ಷದ ಮನೆಗೆ ತೆರಿಗೆ ಬೀಳುವುದು ಸುಮಾರು 84,600 ಡಾಲರಿಗೆ ಮಾತ್ರ. ನೀವೇ ಆ ಮನೆಯಲ್ಲಿ ಇದ್ದರೆ ಹೋಮ್‌ಸ್ಟೆಡ್ ಕ್ರೆಡಿಟ್ ಅಂತ ಅದರಲ್ಲಿ 4,850 ಕಳೆಯುತ್ತಾರೆ. ಇದಕ್ಕೆ ಕೌಂಟಿ ಅಸೆಸರ್ ಆಫೀಸಿನಲ್ಲಿ ನೀವೇ ಅರ್ಜಿ ಹಾಕಬೇಕು, ಬಹಳ ಜನ ಮರೆಯುತ್ತಾರೆ. ಉಳಿದ 79,750ಕ್ಕೆ ಸಾವಿರಕ್ಕೆ 36 ಡಾಲರ್ ದರ ಅಂತ ಹಿಡಿದರೆ ವರ್ಷಕ್ಕೆ 2,871. ದರ ಊರಿಂದ ಊರಿಗೆ ಬೇರೆ, ಇದು ಉದಾಹರಣೆ ಅಷ್ಟೆ. ಸೆಪ್ಟೆಂಬರ್‌ನಲ್ಲಿ ಅರ್ಧ, ಮಾರ್ಚ್‌ನಲ್ಲಿ ಅರ್ಧ ಕಟ್ಟಬೇಕು. ರಾಜ್ಯದ ಆದಾಯ ತೆರಿಗೆ 2025ರಿಂದ ಎಲ್ಲರಿಗೂ ಶೇ. 3.8. ಕ್ಯಾಲಿಫೋರ್ನಿಯಾದಿಂದ ಬರುವವರಿಗೆ ಇದು ನಿಜವಾದ ಲಾಭ. ಅಕ್ಕಿ, ಬೇಳೆ, ಹಾಲು, ತರಕಾರಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ.

ಇನ್ನು ಖರ್ಚಿನ ಕಡೆ. ಕಾರು ಒಂದು ಸಾಲದು, ಎರಡು ಬೇಕು. ಇನ್ಶೂರೆನ್ಸ್ ಪಾಲಿಸಿಯಲ್ಲಿ ಗಾಳಿ-ಆಲಿಕಲ್ಲಿನ ಡಿಡಕ್ಟಿಬಲ್ ಎಷ್ಟು ಅಂತ ಬೇರೆಯಾಗಿ ಓದಿ. ಶೇ. 2 ಅಂತಿದ್ದರೆ, 1.8 ಲಕ್ಷದ ಪಾಲಿಸಿಯಲ್ಲಿ ಚಾವಣಿ ಹಾಳಾದಾಗ ಮೊದಲ 3,600 ಡಾಲರ್ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಹಳೆ ಮನೆ ಅಂದರೆ ಕಿಟಕಿ, ಫರ್ನೇಸ್, ಬೇಸ್‌ಮೆಂಟಿಗೆ ನೀರು ಬರೋದು, ಎಲ್ಲವನ್ನೂ ಇನ್‌ಸ್ಪೆಕ್ಟರ್ ಕೈಲಿ ತೋರಿಸಿ. ರೇಡಾನ್ ಪರೀಕ್ಷೆಯನ್ನಂತೂ ಬಿಡಲೇಬೇಡಿ, ಅದು ನೆಲದಿಂದ ಮನೆಯೊಳಕ್ಕೆ ಬರುವ ವಿಕಿರಣದ ಅನಿಲ. ಐಯೋವಾದ 99 ಕೌಂಟಿಗಳೂ ಇ.ಪಿ.ಎ. (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ನಕ್ಷೆಯಲ್ಲಿ ಹೆಚ್ಚು ಅಪಾಯದ ವಲಯದಲ್ಲೇ ಇವೆ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಳತೆ ಲೀಟರಿಗೆ 4 ಪಿಕೋಕ್ಯೂರಿ ದಾಟಿದರೆ ಬೇಸ್‌ಮೆಂಟಿನಿಂದ ಹೊರಕ್ಕೆ ಪೈಪು, ಫ್ಯಾನು ಹಾಕಿಸಬೇಕು. ಅದನ್ನು ಮಾರುವವರ ಹತ್ತಿರವೇ ಹಾಕಿಸಿಕೊಡಿ ಅಂತ ಕೇಳಬಹುದು.

ಪ್ರಶ್ನೆ (ಅವರೇ): ನಮ್ಮವರದು ಎಚ್1ಬಿ, ವರ್ಕ್ ಫ್ರಮ್ ಹೋಮ್. ಹಳ್ಳಿ ಕಡೆ ಡೌನ್ ಪೇಮೆಂಟ್ ಇಲ್ಲದೆ ಸಾಲ ಸಿಗುತ್ತದಂತೆ?

ಉತ್ತರ: ಅದು ಯು.ಎಸ್.ಡಿ.ಎ., ಅಂದರೆ ಅಮೆರಿಕದ ಕೃಷಿ ಇಲಾಖೆಯ ಗ್ರಾಮೀಣ ಸಾಲ. ನಿಜಕ್ಕೂ ಡೌನ್ ಪೇಮೆಂಟ್ ಬೇಕಿಲ್ಲ, ಆದರೆ ಎಚ್1ಬಿಯವರಿಗೆ ಸಿಗೋದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸಿಗುತ್ತದೆ, ಅದಕ್ಕೂ ಆದಾಯದ ಮಿತಿ ಇದೆ. ಸರ್ಕಾರದ ಖಾತರಿ ಇರುವ ಎಫ್.ಎಚ್.ಎ. ಸಾಲವೂ 2025ರ ಮೇ ಕೊನೆಯಿಂದ ಕಾಯಂ ನಿವಾಸಿ ಅಲ್ಲದವರಿಗೆ ನಿಂತುಹೋಯಿತು. ನಿಮಗೆ ಉಳಿಯುವುದು ಕನ್ವೆನ್ಷನಲ್, ಅಂದರೆ ಸರ್ಕಾರದ ಖಾತರಿ ಇಲ್ಲದ ಮಾಮೂಲಿ ಸಾಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮನೆಯಿಂದಲೇ ಕೆಲಸ ಅಂದರೂ ವೀಸಾ ಲೆಕ್ಕದಲ್ಲಿ ನಿಮ್ಮ ಮನೆಯೇ ಆಫೀಸು. ಸನ್ನಿವೇಲ್‌ನಿಂದ ಐಯೋವಾಕ್ಕೆ ಬಂದರೆ ಕೆಲಸದ ಜಾಗ ಬದಲಾದ ಹಾಗೆ. ಹೊರಡುವ ಮೊದಲೇ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ಕೆಲವು ಕಂಪನಿಗಳು ಊರು ನೋಡಿ ಸಂಬಳವನ್ನೂ ಇಳಿಸುತ್ತವೆ. ಮ್ಯಾನೇಜರ್ ಬಾಯಿಮಾತಿಗೆ "ಓಕೆ" ಅಂದರೆ ಸಾಲದು. ಎಚ್.ಆರ್. ಮತ್ತು ವಕೀಲರಿಂದ ಬರಹದಲ್ಲಿ ತಗೊಳ್ಳಿ, ಆಮೇಲೆ ನನಗೆ ಫೋನ್ ಮಾಡಿ.

ಪ್ರಶ್ನೆ (ನೇಪರ್‌ವಿಲ್‌ನಿಂದ): ಮೇಡಂ, ನಾನು ತೀರ್ಥಹಳ್ಳಿ ಕಡೆಯವನು. ಊರೊಳಗಿನ ಮನೆ ಬೇಡ. ಐದು ಎಕರೆ ಜಾಗ, ಒಂದು ಹಳೇ ಮನೆ, ನಾಲ್ಕು ಕೋಳಿ, ಸ್ವಲ್ಪ ತರಕಾರಿ. ಇದೇ ಕನಸು. ಎಷ್ಟಾಗಬಹುದು?

ಉತ್ತರ: ಸರ್, ಈ ಪ್ರಶ್ನೆಗೆ ಉದ್ದ ಉತ್ತರ ಬೇಕು.

ಮೊದಲ ವಿಷಯ, ಗ್ರೀನ್ ಕಾರ್ಡ್ ಇದೆಯಾ? ಐಯೋವಾ ಕಾನೂನಿನ 9ಐ ಅಧ್ಯಾಯದ ಪ್ರಕಾರ, ಅಮೆರಿಕದ ಪೌರರಲ್ಲದ, ಗ್ರೀನ್ ಕಾರ್ಡೂ ಇಲ್ಲದ ವಿದೇಶಿಯರು ಕೃಷಿ ಜಮೀನು ಕೊಳ್ಳುವುದಕ್ಕೆ ನಿರ್ಬಂಧ ಇದೆ. ಊರೊಳಗಿನ ಸೈಟಿನ ಮನೆಗೆ ಇದು ತಟ್ಟುವುದಿಲ್ಲ. ಆದರೆ ಐದು ಎಕರೆ, ಅದರಲ್ಲಿ ಉಳುವ ಜಾಗ ಅಂದರೆ ಆಫರ್ ಹಾಕುವ ಮೊದಲು ಇಲ್ಲಿನ ವಕೀಲರಿಗೆ ತೋರಿಸಲೇಬೇಕು.

ಎರಡನೇದು ಮಲದ ಗುಂಡಿ, ಅಂದರೆ ಸೆಪ್ಟಿಕ್. 2009ರ ಜುಲೈನಿಂದ ಮನೆ ಕೈಬದಲಾಗುವಾಗ ಸರ್ಟಿಫೈಡ್ ಇನ್‌ಸ್ಪೆಕ್ಟರ್ ಅದನ್ನು ಪರೀಕ್ಷಿಸಬೇಕು ಅಂತ ರಾಜ್ಯದ ಕಾನೂನು. ಹಳೇ ಮನೆಗಳಲ್ಲಿ ಕೊಳಕು ನೀರು ಸೀದಾ ಚರಂಡಿಗೆ ಹೋಗುವುದನ್ನು ನೋಡಿದ್ದೇನೆ. ಹೊಸದು ಹಾಕಿಸೋದು ಸಾವಿರಾರು ಡಾಲರಿನ ಮಾತು. ಆ ದುಡ್ಡು ಯಾರು ಕೊಡುತ್ತಾರೆ ಅನ್ನೋದು ಅಗ್ರಿಮೆಂಟಿನಲ್ಲೇ ಇರಲಿ.

ನೀರು ಎಲ್ಲಿಂದ? ರೂರಲ್ ವಾಟರ್ ಲೈನ್ ಇದ್ದರೆ ನೆಮ್ಮದಿ. ಬಾವಿ ಆದರೆ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಸುತ್ತ ಮೆಕ್ಕೆಜೋಳದ ಹೊಲ, ಹಾಕುವ ಗೊಬ್ಬರ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 10 ಮಿಲಿಗ್ರಾಂ. ಹಸುಗೂಸು ಇರುವ ಮನೆಯಲ್ಲಿ ಇದು ಆಟದ ಮಾತಲ್ಲ. ಕೌಂಟಿ ಆರೋಗ್ಯ ಇಲಾಖೆಯಲ್ಲಿ ಕೇಳಿ, ರಾಜ್ಯದ ಅನುದಾನದಲ್ಲಿ ಖಾಸಗಿ ಬಾವಿ ಪರೀಕ್ಷೆ ಮಾಡಿಸಿಕೊಡುತ್ತಾರೆ.

ಅಲ್ಲಿ ಗ್ಯಾಸ್ ಲೈನ್ ಇರೋದಿಲ್ಲ. ಅಂಗಳದಲ್ಲಿ ಪ್ರೊಪೇನ್ ಟ್ಯಾಂಕ್ ಇರುತ್ತದೆ, ಎಲ್ಲರೂ ಎಲ್.ಪಿ. ಅನ್ನುತ್ತಾರೆ. 500 ಗ್ಯಾಲನ್ ಟ್ಯಾಂಕಿಗೆ ಶೇ. 80ರಷ್ಟು, ಅಂದರೆ 400 ಗ್ಯಾಲನ್ ಮಾತ್ರ ತುಂಬುತ್ತಾರೆ. ಗ್ಯಾಲನ್ನಿಗೆ 2 ಡಾಲರ್ ಅಂತ ಹಿಡಿದರೆ ಒಂದು ಸಲಕ್ಕೆ 800. ಸರಿಯಾಗಿ ಮುಚ್ಚದ ಹಳೇ ಮನೆಯಾದರೆ ಚಳಿಗಾಲಕ್ಕೆ ಒಂದು ಸಲ ತುಂಬಿಸಿದ್ದು ಸಾಲದು. ಇಲ್ಲಿಯವರು ಬೇಸಿಗೆಯಲ್ಲೇ ದರ ಮಾತಾಡಿ ಬುಕ್ ಮಾಡಿಬಿಡುತ್ತಾರೆ. ಟ್ಯಾಂಕ್ ಸ್ವಂತದ್ದಾ, ಗ್ಯಾಸ್ ಕಂಪನಿಯ ಬಾಡಿಗೆಯದ್ದಾ ಅಂತಲೂ ಕೇಳಿ. ಬಾಡಿಗೆಯದ್ದಾದರೆ ಬೇರೆಯವರ ಹತ್ತಿರ ಗ್ಯಾಸ್ ತುಂಬಿಸುವ ಹಾಗಿಲ್ಲ.

ರಸ್ತೆ ಜಲ್ಲಿಯದು. ಒಣಗಿದಾಗ ಧೂಳು, ಮಾರ್ಚ್‌ನಲ್ಲಿ ಹಿಮ ಕರಗಿದಾಗ ಕೆಸರು. "ಲೆವೆಲ್ ಬಿ" ಅಂತ ಬೋರ್ಡ್ ಇರುವ ರಸ್ತೆಯನ್ನು ಕೌಂಟಿ ಕನಿಷ್ಠ ಮಟ್ಟಕ್ಕಷ್ಟೇ ನೋಡಿಕೊಳ್ಳುತ್ತದೆ. ಅಲ್ಲಿನ ಮನೆ ಎಷ್ಟೇ ಅಗ್ಗ ಇದ್ದರೂ ಬೇಡ ಅಂತೀನಿ.

ಕೊನೆಗೆ ಹಂದಿ. ನಗಬೇಡಿ. ಈ ರಾಜ್ಯದಲ್ಲಿ ಜನ ಸುಮಾರು 32 ಲಕ್ಷ, ಹಂದಿಗಳು 2 ಕೋಟಿಗೂ ಜಾಸ್ತಿ. ಉದ್ದುದ್ದ ಶೆಡ್‌ಗಳಲ್ಲಿ ಸಾವಿರಗಟ್ಟಲೆ ಸಾಕುತ್ತಾರೆ. ಗಾಳಿ ಬೀಸುವ ದಿಕ್ಕಿನಲ್ಲಿ ನಿಮ್ಮ ಮನೆ ಇದ್ದರೆ ಹೊರಗೆ ಬಟ್ಟೆ ಒಣಹಾಕುವ ಆಸೆ ಬಿಡಿ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ವೆಬ್‌ಸೈಟಿನ ನಕ್ಷೆಯಲ್ಲಿ ಇಂಥ ಶೆಡ್‌ಗಳು ಎಲ್ಲಿವೆ ಅಂತ ಸಿಗುತ್ತದೆ. ಮನೆಯ ಫೋಟೋ ನೋಡುವ ಮೊದಲು ನಾನು ಅದನ್ನು ತೆರೆಯುತ್ತೇನೆ.

ಇಷ್ಟೆಲ್ಲ ಕೇಳಿದ ಮೇಲೂ ಆಸೆ ಉಳಿದಿದ್ದರೆ ಖಂಡಿತ ಬನ್ನಿ. ಮಣ್ಣು ಮಾತ್ರ ಅದ್ಭುತ. ಬದನೆ, ಬೆಂಡೆ, ಹಸಿಮೆಣಸು ಮೇ ಮಧ್ಯದಲ್ಲಿ ನೆಟ್ಟರೆ ಹಂಚಿ ಸಾಕಾಗುವಷ್ಟು ಬರುತ್ತದೆ.

ಪ್ರಶ್ನೆ (ಎಡಿಸನ್‌ನಿಂದ): ಯಾವ ಏರಿಯಾ ಒಳ್ಳೇದು? ನಮ್ಮವರು ಇರುವ ಬೀದಿ ಯಾವುದು? ಹೇಳಿದರೆ ಅಲ್ಲೇ ನೋಡ್ತೀವಿ.

ಉತ್ತರ: ಇದಕ್ಕೆ ನಾನು ಉತ್ತರ ಹೇಳುವಂತಿಲ್ಲ, ಬೇಜಾರಾಗಬೇಡಿ. 1968ರ ಫೇರ್ ಹೌಸಿಂಗ್ ಕಾಯಿದೆ ಪ್ರಕಾರ ಯಾವ ಬೀದಿಯಲ್ಲಿ ಯಾವ ಜನ ಇದ್ದಾರೆ ಅಂತ ಹೇಳಿ ಗಿರಾಕಿಯನ್ನು ಒಂದು ಕಡೆಗೆ ತಿರುಗಿಸುವುದು ತಪ್ಪು. ನಮ್ಮವರ ಪರವಾಗಿ ಹೇಳಿದರೂ ತಪ್ಪೇ. ಶಾಲೆಯ ಅಂಕಿಅಂಶ ರಾಜ್ಯದ ಸೈಟಿನಲ್ಲಿದೆ, ಅಪರಾಧದ ವಿಷಯ ಪೊಲೀಸರನ್ನು ಕೇಳಿ. ಸಂಜೆ ಹೊತ್ತು ಒಮ್ಮೆ ಆ ಬೀದಿಯಲ್ಲಿ ನಡೆದು ನೋಡಿ. ಇನ್ನೊಂದು, 2024ರ ಆಗಸ್ಟ್‌ನಿಂದ ಮನೆ ತೋರಿಸುವ ಮೊದಲೇ ಏಜೆಂಟ್ ಜೊತೆ ಬರಹದ ಒಪ್ಪಂದಕ್ಕೆ ಸಹಿ ಹಾಕಬೇಕು. ಅದರಲ್ಲಿನ ಕಮಿಷನ್ ಚೌಕಾಶಿಗೆ ಬರುತ್ತದೆ. ನನ್ನದೂ ಸೇರಿ!

ಪ್ರಶ್ನೆ (ಬೆಂಗಳೂರಿನಿಂದ): ಅಕ್ಕ, ನಾನು ಅಲ್ಲಿನ ಯೂನಿವರ್ಸಿಟಿಗೆ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡೋಕೆ ಬರ್ತಿದ್ದೀನಿ. ಕಾರಿಲ್ಲದೆ ಆಗುತ್ತಾ?

ಉತ್ತರ: ಕ್ಯಾಂಪಸ್ಸಲ್ಲೇ ಇದ್ದರೆ ಆಗುತ್ತದೆ. ಸೈಕಲ್ ತಗೊಳ್ಳಿ, ಊರಿನ ಸುತ್ತ ಸುಮಾರು 16 ಮೈಲಿ ಲೂಪ್ ಟ್ರೇಲ್ ಇದೆ. ಜನವರಿಯಲ್ಲಿ ಮಾತ್ರ ಸೈಕಲ್ ಒಳಗಿಡಿ. ರೈಲು ಫೇರ್‌ಫೀಲ್ಡ್ ಮೇಲೇ ಹೋಗುತ್ತದೆ, ಆದರೆ ನಿಲ್ಲೋದಿಲ್ಲ. ಶಿಕಾಗೋಗೆ ಹೋಗುವ ಆಮ್‌ಟ್ರಾಕ್ ಹತ್ತಲು ಮೌಂಟ್ ಪ್ಲೆಸೆಂಟ್ ಅಥವಾ ಅಟಮ್ವಾಗೆ ಹೋಗಬೇಕು. ವಿಮಾನಕ್ಕೆ ಸೀಡರ್ ರ‍್ಯಾಪಿಡ್ಸ್.

ಪ್ರಶ್ನೆ (ಆಸ್ಟಿನ್‌ನಿಂದ): ನನ್ನ ಹೆಂಡತಿ ಗರ್ಭಿಣಿ. ಆಸ್ಪತ್ರೆ ಹೇಗಿದೆ?

ಉತ್ತರ: ಅಭಿನಂದನೆ ಸರ್. ಕೌಂಟಿ ಆಸ್ಪತ್ರೆ ಊರಲ್ಲೇ ಇದೆ, ಕ್ರಿಟಿಕಲ್ ಆ್ಯಕ್ಸೆಸ್ ಆಸ್ಪತ್ರೆ, ಅಂದರೆ ಹಳ್ಳಿ ಕಡೆಯ ಸಣ್ಣ ಆಸ್ಪತ್ರೆ. ಈ ವರ್ಗದ ಆಸ್ಪತ್ರೆಗಳಿಗೆ 25 ಹಾಸಿಗೆಯ ಮಿತಿ. ತುರ್ತು ಚಿಕಿತ್ಸೆ, ಎಕ್ಸ್‌ರೇ, ಸಣ್ಣಪುಟ್ಟದ್ದಕ್ಕೆ ಸಾಕು. ದೊಡ್ಡದಕ್ಕೆ ಐಯೋವಾ ಸಿಟಿಯ ಯೂನಿವರ್ಸಿಟಿ ಆಸ್ಪತ್ರೆ. ಅದು ಒಳ್ಳೆಯ ಹೆಸರಿರುವ ದೊಡ್ಡ ಆಸ್ಪತ್ರೆ, ಸುಮಾರು 60 ಮೈಲಿ. ಐಯೋವಾದ ಸಣ್ಣ ಊರುಗಳಲ್ಲಿ ಹೆರಿಗೆ ವಾರ್ಡುಗಳು ಒಂದೊಂದಾಗಿ ಮುಚ್ಚಿವೆ. ಹಾಗಾಗಿ "ಹೆರಿಗೆ ಎಲ್ಲಿ, ಮಕ್ಕಳ ಡಾಕ್ಟರ್ ಎಲ್ಲಿ, ಹೊಸ ಪೇಷೆಂಟ್ ತಗೋತಾರಾ" ಅಂತ ಮನೆ ಹುಡುಕುವ ಮೊದಲೇ ಫೋನ್ ಮಾಡಿ ಕೇಳಿ. ಐಯೋವಾ ಸಿಟಿಗೆ ಹೋಗುವ ಹೈವೇ 1ರಲ್ಲಿ ಕಲೋನಾ ಹತ್ತಿರ ಆಮಿಶ್ ಜನರ (ಕಾರು ಇಟ್ಟುಕೊಳ್ಳದ ಕ್ರೈಸ್ತ ಪಂಗಡ) ಕುದುರೆಗಾಡಿ ಸಿಗುತ್ತವೆ. ಅಕ್ಟೋಬರ್-ನವೆಂಬರ್‌ನಲ್ಲಿ ಜಿಂಕೆ ಅಡ್ಡ ಬರುತ್ತವೆ. ಹೆರಿಗೆ ನೋವಿನಲ್ಲಿ, ರಾತ್ರಿ, ಹಿಮದಲ್ಲಿ ಆ ದಾರಿ ಹೇಗಿರುತ್ತದೆ ಅಂತ ಯೋಚಿಸಿ. ನನ್ನನ್ನು ಕೇಳಿದರೆ, ಮಗು ಹುಟ್ಟಿದ ಮೇಲೆ ಬನ್ನಿ.

ಪ್ರಶ್ನೆ (ಡಾಲಸ್‌ನಿಂದ): ಅಪ್ಪ ಅಮ್ಮ ಮೈಸೂರಿನಿಂದ ಆರು ತಿಂಗಳಿಗೆ ಬರ್ತಾರೆ. ಅವರಿಗೆ ಹೊತ್ತು ಹೋಗುತ್ತಾ? ವಾಸ್ತು ನೋಡ್ತಾರೆ ಬೇರೆ.

ಉತ್ತರ: ವಾಸ್ತು ವಿಷಯದಲ್ಲಿ ನಿಮ್ಮ ತಂದೆಯವರಿಗೇ ಇಲ್ಲಿನ ಅಮೆರಿಕನ್ನರು ಪಾಠ ಹೇಳಿಯಾರು! ಮಹರ್ಷಿಗಳ ಪದ್ಧತಿಯಂತೆ ಪೂರ್ವಕ್ಕೆ ಬಾಗಿಲು, ಚಾವಣಿ ಮೇಲೆ ಕಳಶ ಇಟ್ಟು ಕಟ್ಟಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಪಕ್ಕದಲ್ಲೇ 2001ರಲ್ಲಿ ಮಹರ್ಷಿ ವೇದಿಕ್ ಸಿಟಿ ಅಂತ ಬೇರೆ ಊರೇ ಆಯಿತು. ಹಳೇ ಮನೆಗಳಲ್ಲೂ ದಕ್ಷಿಣದ ಬಾಗಿಲು ಮುಚ್ಚಿ, ಒಳಗಡೆ ಪುಸ್ತಕದ ಕಪಾಟು ನಿಲ್ಲಿಸಿರುತ್ತಾರೆ. ಹೊರಗಿನಿಂದ ಮೆಟ್ಟಿಲು ಇರುತ್ತದೆ, ಹತ್ತಿದರೆ ಗೋಡೆ. ಪೂರ್ವದ ಬಾಗಿಲಿಗೆ ಇಲ್ಲಿ ಜಾಸ್ತಿ ದುಡ್ಡು ಕೇಳುತ್ತಾರೆ. ಕೌಂಟಿಯ ಹೊರಗೆ ಅದಕ್ಕೆ ಬೆಲೆ ಇಲ್ಲ, ನೆನಪಿರಲಿ.

ಹೊತ್ತು ಹೋಗೋದು ಮನೆ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಊರ ನಡುವಿನ ಚೌಕದ ಹತ್ತಿರ ಇದ್ದರೆ ಫುಟ್‌ಪಾತ್ ಇದೆ, ಪಾರ್ಕ್ ಇದೆ, ಲೈಬ್ರರಿ ಇದೆ, ತಿಂಗಳ ಮೊದಲ ಶುಕ್ರವಾರ ಆರ್ಟ್ ವಾಕ್ ಇದೆ. ತಲೆ ನರೆತ ಬಿಳಿಯ ತಾತ ಎದುರು ಬಂದು "ಜೈ ಗುರು ದೇವ್" ಅಂದರೆ ಗಾಬರಿಯಾಗಬೇಡಿ ಅಂತ ಅವರಿಗೆ ಮೊದಲೇ ಹೇಳಿಡಿ. ಜಲ್ಲಿ ರಸ್ತೆಯ ಮನೆಯಲ್ಲಾದರೆ ನೀವು ಕೆಲಸ ಮುಗಿಸುವ ತನಕ ಅವರು ಕಿಟಕಿ ನೋಡುತ್ತಾ ಕೂರಬೇಕು. ದೇವಸ್ಥಾನಕ್ಕೆ ಡೆ ಮೊಯ್ನ್ ಆಚೆಯ ಮ್ಯಾಡ್ರಿಡ್ ಊರಿನ ಹಿಂದೂ ದೇವಾಲಯ, ಎರಡು ಗಂಟೆಗೂ ಮೇಲೆ ದಾರಿ. ಕನ್ನಡ ಕೇಳಬೇಕು ಅಂದರೆ ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋಗಿಬರಬೇಕು. ಕರಿಬೇವಿಗೆ ಐಯೋವಾ ಸಿಟಿ ಕಡೆ ಹೋದಾಗ ಜಾಸ್ತಿ ತಂದು ಫ್ರೀಜರ್‌ನಲ್ಲಿಡಿ.

ಪ್ರಶ್ನೆ (ಸನ್ನಿವೇಲ್‌ನವರೇ): ಎಲ್ಲಾ ಓದಿದೆ ಮೇಡಂ. ಕಾಗದಪತ್ರ ಸುಲಭವಾ? ಮುಂದೆ ಮಾರಬೇಕಾದರೆ?

ಉತ್ತರ: ಕಾಗದಪತ್ರ ನಿಮಗೆ ಪರಿಚಿತ ಅನ್ನಿಸುತ್ತದೆ. ಟೈಟಲ್ ಇನ್ಶೂರೆನ್ಸ್ ಮಾರಲು ಅವಕಾಶ ಇಲ್ಲದ ಒಂದೇ ರಾಜ್ಯ ಐಯೋವಾ. ಇಲ್ಲಿ ಅಬ್‌ಸ್ಟ್ರಾಕ್ಟ್ ಅಂತ ದಪ್ಪ ಕಟ್ಟು ಇರುತ್ತದೆ, ನಮ್ಮೂರಿನ ಮೂಲಪತ್ರ, ಇ.ಸಿ. ಎಲ್ಲ ಸೇರಿಸಿ ಹೊಲಿದ ಹಾಗೆ. ಮೊದಲ ಒಡೆಯನಿಂದ ಇವತ್ತಿನವರೆಗೆ ಯಾರಿಂದ ಯಾರಿಗೆ ಹೋಯಿತು ಅಂತ ಅದರಲ್ಲಿದೆ. ವಕೀಲರು ಅದನ್ನು ಓದಿ ಅಭಿಪ್ರಾಯ ಬರೆದುಕೊಡುತ್ತಾರೆ. ಕಟ್ಟು ಕಳೆದುಹೋಗಿದ್ದರೆ ಹೊಸದು ಮಾಡಿಸಲು ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಮಾರುವ ವಿಷಯ ಕೇಳಿದ್ದು ಒಳ್ಳೇದಾಯ್ತು. ಸನ್ನಿವೇಲ್‌ನಲ್ಲಿ ಮನೆ ಮಾರಿದ ಹಾಗೆ ಇಲ್ಲಿ ವಾರದಲ್ಲಿ ಆಗೋದಿಲ್ಲ. ಚಳಿಗಾಲದಲ್ಲಿ ನೋಡಲು ಬರುವವರೇ ಕಡಿಮೆ. ಕೆಲಸ ಹೋಗಿ 60 ದಿನದಲ್ಲಿ ಬೇರೆ ಕೆಲಸ ಹುಡುಕಬೇಕಾದ ಎಚ್1ಬಿ ಕುಟುಂಬಕ್ಕೆ ಮಾರಾಟವಾಗದ ಮನೆ ದೊಡ್ಡ ತಲೆನೋವು. ಅದಕ್ಕೇ ಈಗಲೇ ಕೊಳ್ಳಬೇಡಿ, ನನಗೆ ಕಮಿಷನ್ ಹೋದರೂ ಪರವಾಗಿಲ್ಲ. ಊರೊಳಗೆ ಒಂದು ಮನೆ ಬಾಡಿಗೆಗೆ ತಗೊಂಡು ಒಂದು ಚಳಿಗಾಲ ಕಳೆಯಿರಿ.

ಪ್ರಶ್ನೆ: ಬಾಡಿಗೆ ಮನೆ ಆನ್‌ಲೈನ್‌ನಲ್ಲಿ ಒಂದೂ ಕಾಣ್ತಿಲ್ಲವಲ್ಲ?

ಉತ್ತರ: ಇಲ್ಲಿ ಅರ್ಧ ಮನೆಗಳು ಆನ್‌ಲೈನಿಗೆ ಬರೋದೇ ಇಲ್ಲ, ಬಾಯಿಂದ ಬಾಯಿಗೆ ಹೋಗುತ್ತವೆ. ಫೆಬ್ರವರಿಯಲ್ಲಿ ಒಂದು ವಾರ ಬನ್ನಿ, ಬರುವ ಮೊದಲು ಮೆಸೇಜ್ ಹಾಕಿ. ಮಕ್ಕಳನ್ನೂ ಕರ್ಕೊಂಡು ಬನ್ನಿ, ದಪ್ಪ ಬೂಟು ಇರಲಿ.