ದೇವರ ಸಮಯಕ್ಕೆ ಕಾಯುವುದು ಅಂದರೆ ಸುಮ್ನೆ ಕೂರುವುದಾ?

ಪ್ರಶ್ನೆ: ಒಬ್ಬ ತಂಗಿ, ಬೀದರ್

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬಿ.ಎಡ್ ಮುಗಿದಿದೆ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿದೆ. ಸರ್ಕಾರಿ ನೇಮಕಾತಿಗೆ ಕಾಯುತ್ತಿದ್ದೇನೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲಾತಿ ಇದೆ, ನಿನಗೆ ಬಂದೇ ಬರುತ್ತದೆ ಅಂತ ಅಪ್ಪ ಹೇಳುತ್ತಾರೆ. ಈಗ ಹುಮನಾಬಾದ್‌ನ ಒಂದು ಖಾಸಗಿ ಶಾಲೆಯವರು ಗಣಿತ ಕಲಿಸಲು ಕರೆದಿದ್ದಾರೆ. ಸಂಬಳ ಕಡಿಮೆ, ಆದರೂ ಹೋಗಬೇಕು ಅನಿಸುತ್ತದೆ. ಪ್ರಾರ್ಥನಾ ಕೂಟದ ಅಕ್ಕಂದಿರು ಮಾತ್ರ, "ಅಬ್ರಹಾಮ ಕಾಯಲಿಲ್ಲ, ಇಷ್ಮಾಯೇಲ ಹುಟ್ಟಿದ. ನೀನೂ ಅವಸರ ಮಾಡಬೇಡ" ಅನ್ನುತ್ತಾರೆ. ಅದನ್ನು ಕೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ಈ ಕೆಲಸ ಹಿಡಿದರೆ ದೇವರನ್ನು ನಂಬಿಲ್ಲ ಅಂತಾಗುತ್ತದಾ?

ನಿವೃತ್ತ ಮಾಸ್ತರ, ಚಿಟಗುಪ್ಪ

ತಾಯಿ, ಇಷ್ಮಾಯೇಲನ ಕಥೆ ನಿನಗೆ ಹೊಂದುವುದಿಲ್ಲ. ಮಗನನ್ನು ಕೊಡುತ್ತೇನೆ ಅಂತ ಅಬ್ರಹಾಮನಿಗೆ ದೇವರೇ ಮಾತು ಕೊಟ್ಟಿದ್ದರು. ಅದನ್ನು ಬೇರೆ ದಾರಿಯಲ್ಲಿ ತಾವೇ ಪೂರೈಸಲು ಅಬ್ರಹಾಮ, ಅವನ ಹೆಂಡತಿ ಸಾರಾ ಹೊರಟರು; ದಾಸಿ ಹಾಗರಳಿಂದ ಇಷ್ಮಾಯೇಲನನ್ನು ಪಡೆದರು. ಹಾಗರಳಿಗೆ ಅನ್ಯಾಯವೂ ಆಯಿತು. ನಿನಗೆ ಸರ್ಕಾರಿ ನೌಕರಿ ಕೊಡುತ್ತೇನೆ ಅಂತ ದೇವರು ಹೇಳಿದ್ದಾರಾ? ಮೀಸಲಾತಿ ಕಾನೂನು ಕೊಟ್ಟ ಹಕ್ಕು. ಅದನ್ನು ವಾಗ್ದಾನ ಅಂತ ತಿಳಿಯಬೇಡ.

ಯೋಸೇಫನನ್ನು ನೋಡು. ತಾನು ದೊಡ್ಡವನಾಗುವ ಕನಸು ಕಂಡಾಗ 17 ವರ್ಷ, ಐಗುಪ್ತದ ದೊರೆ ಫರೋಹನ ಮುಂದೆ ನಿಂತಾಗ 30. ಅಷ್ಟೂ ವರ್ಷ ಅವನ ಕೈ ಖಾಲಿ ಇರಲಿಲ್ಲ. ದಾಸನಾಗಿ ಪೋಟೀಫರನ ಮನೆ ನೋಡಿಕೊಂಡ, ಸೆರೆಮನೆಯಲ್ಲಿ ಕೈದಿಗಳ ಹೊಣೆ ಹೊತ್ತ. ಫರೋಹನಿಗೆ ನನ್ನ ವಿಷಯ ಹೇಳು ಅಂತ ಜೊತೆಗೆ ಸೆರೆಯಲ್ಲಿದ್ದ ಅರಮನೆಯ ಪಾನದಾಯಕನನ್ನು ಬೇಡಿಕೊಂಡ ಕೂಡ. ಅವನು ಮರೆತ, ಇನ್ನೂ ಎರಡು ವರ್ಷ ಹೋಯಿತು. ಆದರೆ ಹಾಗೆ ಕೇಳಿದ್ದು ಅಪನಂಬಿಕೆ ಅಂತ ಆದಿಕಾಂಡ ಎಲ್ಲೂ ಹೇಳುವುದಿಲ್ಲ.

ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಅನ್ನುವ ಯೆರೆಮೀಯ 29ರ 11ನೇ ವಚನ ನಮ್ಮ ಎಷ್ಟೋ ಮನೆಗಳ ಗೋಡೆ ಮೇಲಿದೆ. 5ನೇ ವಚನವನ್ನೂ ಓದಬೇಕು. ಬಾಬೆಲಿಗೆ ಸೆರೆ ಹೋದ ಯೆಹೂದ್ಯರು 70 ವರ್ಷ ಕಾಯಬೇಕಿತ್ತು. ಅವರಿಗೆ ದೇವರು ಹೇಳಿದ್ದು ಮನೆ ಕಟ್ಟಿರಿ, ತೋಟ ಹಾಕಿರಿ ಅಂತ.

ಹೋಗು, ಮಕ್ಕಳಿಗೆ ಗಣಿತ ಕಲಿಸು. ನೇಮಕಾತಿ ಕರೆದಾಗ ಅರ್ಜಿಯನ್ನೂ ಹಾಕು.

ಸ್ಟಾಫ್ ನರ್ಸ್, ಭಾಲ್ಕಿ

ಮಾಸ್ತರರು ಹೇಳಿದ್ದು ಸರಿ. ನನ್ನದೂ ಒಂದು ಮಾತು. ನಮ್ಮ ಯಜಮಾನರು ತೀರಿಕೊಂಡಾಗ ಮಣ್ಣಿನ ದಿನವೇ "ಎಲ್ಲಾ ದೇವರ ಸಮಯ" ಅಂದವರಿದ್ದರು. ಆ ಮಾತು ತುಂಬಾ ನೋಯಿಸಿತು. ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬಂದರು. ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಮಾರ್ಥ ನೇರವಾಗಿಯೇ ಹೇಳಿದಳು. ಯೇಸು ಅವಳನ್ನು ಗದರಿಸಲಿಲ್ಲ. ಸಮಾಧಿಯ ದಾರಿಯಲ್ಲಿ ಅವರೂ ಅತ್ತರು. ತಂಗಿ, ಯಾಕಿಷ್ಟು ತಡ ಅಂತ ದೇವರನ್ನೇ ಕೇಳು. 13ನೇ ಕೀರ್ತನೆ ಶುರುವಾಗುವುದೇ "ಎಲ್ಲಿಯವರೆಗೆ" ಅನ್ನುವ ಪ್ರಶ್ನೆಯಿಂದ ಅಲ್ವಾ?

ಕಲಬುರಗಿಯ ಒಬ್ಬ ಬ್ರದರ್

ಸಿಸ್ಟರ್, ಸೇರುವ ಮುಂಚೆ ಬಾಂಡ್ ಬರೆಸಿಕೊಳ್ಳುತ್ತಾರಾ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರಾ ವಿಚಾರಿಸಿ. ನೇಮಕಾತಿಯಲ್ಲಿ ದಾಖಲೆ ಪರಿಶೀಲನೆಗೆ ಒರಿಜಿನಲ್ಲೇ ಬೇಕು.

ಒಬ್ಬ ತಂಗಿ, ಬೀದರ್

ಹೌದು ಅಣ್ಣಾ, ಒರಿಜಿನಲ್ ಕೇಳಿದ್ದಾರೆ. ಮಾಸ್ತರರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ನಾಳೆ ಇಬ್ಬರೂ ಶಾಲೆಗೆ ಹೋಗಿ, ಜೆರಾಕ್ಸ್ ಮಾತ್ರ ಕೊಡುತ್ತೇವೆ ಅಂತ ಕೇಳುತ್ತೇವೆ. ಒಪ್ಪಿದರೆ ಸೋಮವಾರದಿಂದ ಕ್ಲಾಸು. ನರ್ಸ್ ಅಕ್ಕಾ, ನಿಮಗಾಗಿ ಇವತ್ತು ಪ್ರಾರ್ಥನೆ ಮಾಡುತ್ತೇನೆ.