ನೋವಾ: ಹೆಣ್ಣು ಹೆಸರೋ, ಗಂಡು ಹೆಸರೋ?

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ಹುಟ್ಟಲಿರುವ ಮಗಳಿಗೆ 'ನೋವಾ' ಅಂತ ಇಡುವ ಆಸೆ. ಅದು ಬೈಬಲ್ಲಿನ ಜಲಪ್ರಳಯದ ನೋಹನ ಹೆಸರು, ಗಂಡಿಗೆ ಇಡುವುದು ಅಂತಾರೆ ಅತ್ತೆ. ವೆಬ್‌ಸೈಟುಗಳಲ್ಲಿ ಒಂದು ಕಡೆ ಅರ್ಥ 'ವಿಶ್ರಾಂತಿ', ಇನ್ನೊಂದು ಕಡೆ 'ಮಾಧುರ್ಯ'. ಯಾವುದು ಸರಿ ಸರ್?

ಉತ್ತರ (ಹೀಬ್ರೂ ಅಧ್ಯಾಪಕರು): ಎರಡೂ ಅಲ್ಲ. ನೋಹನ ಹೆಸರು ಹೀಬ್ರೂವಿನಲ್ಲಿ ಎರಡೇ ಅಕ್ಷರ: ನೂನ್, ಹೇತ್. ಕೊನೆಗೆ ಗಂಟಲಿನಿಂದ ಬರುವ 'ಹ್' ಇದೆ. ವಿಶ್ರಾಂತಿ ಅನ್ನುವ ಅರ್ಥ ಅದರದು. ಹೆಣ್ಣು ಹೆಸರಿನಲ್ಲಿ ನೂನ್ ಆದಮೇಲೆ ಅಯಿನ್, ಹೇ ಬರುತ್ತವೆ. ಧಾತುವೇ ಬೇರೆ, ಅರ್ಥ 'ಚಲನೆ'. 'ಮಾಧುರ್ಯ' ನೋಅಮ್, ನವೊಮಿ ಹೆಸರುಗಳ ಅರ್ಥ. ಅದನ್ನು ಇದಕ್ಕೆ ಅಂಟಿಸಿದ್ದಾರೆ.

ನಿಮ್ಮತ್ತೆಯವರಿಗೆ ಬೈಬಲ್ಲಿನ ಅರಣ್ಯಕಾಂಡದ (ಇಂಗ್ಲಿಷಿನಲ್ಲಿ 'ನಂಬರ್ಸ್') 27ನೇ ಅಧ್ಯಾಯ ತೋರಿಸಿ. ಗಂಡುಮಕ್ಕಳಿಲ್ಲದ ತಂದೆಯ ಆಸ್ತಿ ತಮಗೆ ಸಲ್ಲಬೇಕೆಂದು ಮೋಶೆಯ ಮುಂದೆ ನಿಂತು ಕೇಳಿ ಪಡೆದ ಐವರು ಅಕ್ಕತಂಗಿಯರಲ್ಲಿ ಒಬ್ಬಳ ಹೆಸರು ನೋವಾ. 1611ರ ಇಂಗ್ಲಿಷ್ ಬೈಬಲ್ ಈಕೆಗೂ ನೋಹನಿಗೂ ಒಂದೇ ಕಾಗುಣಿತ ಕೊಟ್ಟಿತು. ಗೊಂದಲದ ಬೇರು ಅಲ್ಲಿದೆ.

ಪ್ರಶ್ನೆ: ಹಾಗಾದರೆ ಸ್ಪೆಲ್ಲಿಂಗ್ ಹೇಗೆ? ತುಂಬಾ ಸಾಮಾನ್ಯವಾಗಿಬಿಟ್ಟ ಹೆಸರಾ?

ಉತ್ತರ: ಎನ್, ಓ, ಎ. ಅಷ್ಟೇ. ಕೊನೆಗೆ ಎಚ್ ಸೇರಿಸಿದರೆ ಅಮೆರಿಕದಲ್ಲಿ ಹುಡುಗ ಅಂತಲೇ ಓದುತ್ತಾರೆ. 2013ರಿಂದ 2016ರವರೆಗೆ ಅಲ್ಲಿ ಗಂಡುಮಕ್ಕಳ ಮೊದಲ ಸ್ಥಾನದ ಹೆಸರು ಅದು. ಎಚ್ ಇಲ್ಲದ್ದು ಇಸ್ರೇಲಿನಲ್ಲಿ 2000ದ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಣ್ಣುಮಕ್ಕಳ ಪಟ್ಟಿಯ ತುದಿಯಲ್ಲಿತ್ತು. ಹಾಗಂತ ಎಲ್ಲ ಕಡೆಯೂ ಹೆಣ್ಣಿಗೇ ಮೀಸಲಲ್ಲ: ಡಚ್ ಫುಟ್‌ಬಾಲಿಗ ನೋವಾ ಲಾಂಗ್ ಗಂಡಸು.

ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಮಕ್ಕಳ ಹೆಸರುಗಳ ಪಟ್ಟಿ ನೋಡುವಾಗ ಪ್ರತಿ ಕಾಗುಣಿತವನ್ನೂ ಬೇರೆಬೇರೆಯಾಗಿ ಹುಡುಕಿ. ಅವರು ಒಟ್ಟುಗೂಡಿಸುವುದಿಲ್ಲ, ಹಾಗಾಗಿ ಕಿವಿಗೆ ಒಂದೇ ಆದ ಹೆಸರು ಪಟ್ಟಿಯಲ್ಲಿ ಅಪರೂಪದ್ದಾಗಿ ಕಾಣುತ್ತದೆ. ಜನನ ಪ್ರಮಾಣಪತ್ರದಲ್ಲಿ ಬರೆಸಿದ್ದೇ ಪಾಸ್‌ಪೋರ್ಟಿಗೂ ಅಲ್ಲಿಂದ ಒಸಿಐ ಕಾರ್ಡಿಗೂ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡು) ಹೋಗುತ್ತದೆ, ಆಸ್ಪತ್ರೆಯ ಫಾರಂ ಅನ್ನು ಎರಡು ಸಲ ಓದಿ ಸಹಿ ಹಾಕಿ.

ಇನ್ನೊಂದು. ಕನ್ನಡದ ಕಿವಿಗೆ 'ನೋವು' ಕೇಳಿಸುತ್ತದೆ. 'ನೋಯಾ' ಅಂತ ಬರೆದರೂ ಪಾರಿಲ್ಲ, ಅಲ್ಲಿ 'ನೋಯು' ಕಾದಿದೆ. ಇಸ್ರೇಲಿನವರಂತೆ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು, ನಡುವೆ 'ವ' ಬಾರದಂತೆ 'ನೋ-ಆ' ಅಂದರೆ ಸ್ವಲ್ಪ ತಪ್ಪುತ್ತದೆ. ಅಜ್ಜಿ ತಾತ ದಿನಾ ಕರೆಯುವ ಮನೆಯಾದರೆ ಅವರ ಬಾಯಲ್ಲಿ ಮೊದಲೇ ನಾಲ್ಕು ಸಲ ಹೇಳಿಸಿ ನೋಡಿ.